ಕೊನೆಯ ಯಾತ್ರೆಯ ಲೆಕ್ಕಪತ್ರ

ಕಳೆದ ತಿಂಗಳ ಒಂದು ಸಾಯಂಕಾಲ ಮೂವರು ತರುಣರು ನಮ್ಮ ಕಾರ್ಯಾಲಯಕ್ಕೆ ಬಂದರು. ಮೂವರೂ ಒಂದೇ ಹೋಟೆಲಿನವರು; ಇಬ್ಬರು ಸಪ್ಲಾಯರುಗಳು, ಒಬ್ಬರು ಗಲ್ಲೆಯ ಗುಮಾಸ್ತರು. ಅದೇ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆಕಲ್ಲಿನ ಮುಂದೆ ನಿಂತಿದ್ದ, ಕುಂದಾಪುರದ ಕಡೆಯ ಹಿರಿಯರೊಬ್ಬರು ಆ ವಾರವೇ ಬೆಳಗಿನ ಜಾವ ಮಲಗಿದಲ್ಲೇ ತೀರಿಕೊಂಡಿದ್ದರು. ದೇಹವನ್ನು ಊರಿಗೆ ಮುಟ್ಟಿಸಿದ್ದಾಗಿತ್ತು. ಅದಕ್ಕಾಗಿ ಮಾಡಿದ ಸಾಲವನ್ನು ತೀರಿಸಲು ಪತ್ರಿಕೆಯಲ್ಲಿ ಒಂದು ವಿನಂತಿಯನ್ನು ಪ್ರಕಟಿಸಬೇಕೆಂಬುದು ಅವರ ಕೋರಿಕೆ. ಖರ್ಚಿನ ವಿವರವನ್ನು ಕೇಳಿದಾಗ ಗುಮಾಸ್ತರು ಜೇಬಿನಿಂದ ಒಂದು ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದುದು ಒಂದೇ ಸಾಲು: ಒಟ್ಟು ಇಷ್ಟು ಸಾವಿರ. ಯಾವುದಕ್ಕೆ ಎಷ್ಟು, ಯಾರು ಪಡೆದರು, ಯಾವ ದರದಂತೆ ಎಂಬ ಸುಳಿವೂ ಇರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಎದುರಾದ ಮಧ್ಯಸ್ಥನೊಬ್ಬನು "ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿ ಬರೆದುಕೊಟ್ಟ ಚೀಟಿ ಅದು.

ವಿನಂತಿಯನ್ನು ಪ್ರಕಟಿಸಿದೆವು, ಬಾಂಧವರು ಕೈಲಾದುದನ್ನು ಕೊಟ್ಟರು. ಆದರೆ ಆ ಚೀಟಿ ನಮ್ಮ ಮನಸ್ಸನ್ನು ಬಿಟ್ಟುಹೋಗಿಲ್ಲ. ನಮ್ಮದು ಬಿಲ್ಲು ಕೊಟ್ಟು ಬದುಕುವ ಸಮಾಜ. ಎರಡು ಇಡ್ಲಿ, ಒಂದು ವಡೆ, ಅರ್ಧ ಕಾಫಿ ಎಂದು ಬಾಬುವಾರು ಬರೆದಲ್ಲದೆ ಗಿರಾಕಿಯಿಂದ ನಾವು ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ಬಿಲ್ಲಿನಲ್ಲಿ ಒಂದು ಚಹಾ ಹೆಚ್ಚಾದರೆ ಗಿರಾಕಿಯೂ ಸುಮ್ಮನಿರುವುದಿಲ್ಲ. ದಿನಕ್ಕೆ ಸಾವಿರ ಬಿಲ್ಲು ಬರೆಯುವ ನಾವು, ಒಡನಾಡಿಯ ಕೊನೆಯ ಯಾತ್ರೆಗೆ ಮಾತ್ರ ಬಿಲ್ಲಿಲ್ಲದೆ ಹಣ ಎಣಿಸುತ್ತೇವೆ. ದುಃಖದ ಹೊತ್ತಿನಲ್ಲಿ ಲೆಕ್ಕ ಕೇಳುವುದು ಸತ್ತವರಿಗೆ ಅಗೌರವವೆಂಬ ಭಾವನೆ ನಮ್ಮಲ್ಲಿದೆ. ಆ ಸಂಕೋಚವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಆದಕಾರಣ ಅಶುಭದ ವಿಷಯವೆಂದು ಹಿಂಜರಿಯದೆ, ಪರಸ್ಥಳದಲ್ಲಿ ಒಬ್ಬರು ತೀರಿಕೊಂಡಾಗ ಏನೇನು ಮಾಡಬೇಕಾಗುತ್ತದೆ, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ, ಯಾವ ಹಣ ನಮಗೇ ಬರಬೇಕಾಗಿದೆ ಎಂಬುದನ್ನು ಇಂದು ವಿವರವಾಗಿ ಬರೆಯುತ್ತಿದ್ದೇವೆ. ವಾಚಕರು ಈ ಹಾಳೆಯನ್ನು ಕತ್ತರಿಸಿ ರೂಮಿನ ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಮೊದಲ ಕಾಗದ

ಎಲ್ಲಕ್ಕಿಂತ ಮೊದಲು ಬೇಕಾದುದು ವಾಹನವೂ ಅಲ್ಲ, ಪುರೋಹಿತರೂ ಅಲ್ಲ, ವೈದ್ಯರ ಕಾಗದ. ಮರಣವು ಆಸ್ಪತ್ರೆಯಲ್ಲಿ ಸಂಭವಿಸಿದರೆ ಅಲ್ಲಿನ ವೈದ್ಯರೇ ಮರಣದ ಕಾರಣವನ್ನು ಬರೆದು ನಾಲ್ಕನೆಯ ನಮೂನೆಯ ಪತ್ರವನ್ನು ಸಿದ್ಧಪಡಿಸುತ್ತಾರೆ. ಮನೆಯಲ್ಲಿ ಸಂಭವಿಸಿದರೆ, ರೋಗಿಯನ್ನು ಕೊನೆಯ ಕಾಯಿಲೆಯಲ್ಲಿ ನೋಡುತ್ತಿದ್ದ ವೈದ್ಯರು ನಾಲ್ಕು-ಎ ನಮೂನೆಯಲ್ಲಿ ಬರೆದುಕೊಡಬೇಕು. ೨೦೨೩ರ ತಿದ್ದುಪಡಿಯಾದ ಮೇಲೆ ಈ ಕಾರಣಪತ್ರದ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕೆಂಬ ವಿಧಿಯಿದೆ, ಅದಕ್ಕೆ ಶುಲ್ಕವಿಲ್ಲ.

ನಮ್ಮವರ ಕಷ್ಟ ಮೂರನೆಯ ಬಗೆಯ ಮರಣದಲ್ಲಿದೆ. ಹೋಟೆಲಿನ ಮೇಲಂತಸ್ತಿನ ರೂಮಿನಲ್ಲಿ ರಾತ್ರಿ ಮಲಗಿದವನು ಬೆಳಿಗ್ಗೆ ಏಳುವುದಿಲ್ಲ. ಅವನಿಗೆ ನಿಶ್ಚಿತ ವೈದ್ಯರಿಲ್ಲ. ತಲೆನೋವಿಗೆ ಔಷಧದ ಅಂಗಡಿಯ ಗುಳಿಗೆಯೇ ಗತಿಯಾಗಿತ್ತು. ಕರೆತಂದ ವೈದ್ಯರು, ತಾವು ಹಿಂದೆ ನೋಡಿದ ರೋಗಿಯಲ್ಲವೆಂದು ಹೇಳಿ ಕಾರಣವನ್ನು ಬರೆಯಲು ಒಪ್ಪುವುದಿಲ್ಲ. ಇದು ಅವರ ಹಟವಲ್ಲ, ಹೊಣೆ. ಆಗ ಪೊಲೀಸರಿಗೆ ತಿಳಿಸಬೇಕು. ಪೊಲೀಸರು ಪಂಚನಾಮೆ ಮಾಡುತ್ತಾರೆ. ಸಂಶಯವಿದ್ದರೆ ದೇಹವನ್ನು ಸರಕಾರಿ ಆಸ್ಪತ್ರೆಗೆ ಮರಣೋತ್ತರ ಪರೀಕ್ಷೆಗಾಗಿ ಕಳಿಸುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ ೧೭೪ನೆಯ ಕಲಮಿನಂತೆ ನಡೆಯುತ್ತಿತ್ತು. ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಕಲಮಿನಂತೆ ನಡೆಯುತ್ತಿದೆ. ರಸ್ತೆಯ ಅಪಘಾತ, ಸುಟ್ಟಗಾಯ, ವಿದ್ಯುತ್ತಿನ ಆಘಾತ, ಆತ್ಮಹತ್ಯೆ ಇವುಗಳಿಗೂ ಇದೇ ಮಾರ್ಗ.

ಪೊಲೀಸರೆಂದೊಡನೆ ಪರಭಾಷೆಯ ಊರಿನಲ್ಲಿರುವ ನಮ್ಮ ಹುಡುಗರ ಎದೆ ನಡುಗುತ್ತದೆ. ಕೆಲವರು ಈ ಭಯದಿಂದಲೇ ಕಾಗದವಿಲ್ಲದೆ ದೇಹವನ್ನು ಊರಿಗೆ ಸಾಗಿಸಿಬಿಡಲು ಯೋಚಿಸುತ್ತಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ದಾರಿಯಲ್ಲಿ ತನಿಖೆಗೆ ಸಿಕ್ಕಿದರೆ ಉತ್ತರ ಹೇಳುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಕಾರಣದ ದಾಖಲೆಯಿಲ್ಲದ ಮರಣಕ್ಕೆ ಮುಂದೆ ವಿಮೆಯ ಹಣ ಬರುವುದು ದುಸ್ತರ. ಪಂಚನಾಮೆಯಾಗಲಿ ಮರಣೋತ್ತರ ಪರೀಕ್ಷೆಯಾಗಲಿ ಸರಕಾರದ ಕರ್ತವ್ಯ. ಅವುಗಳಿಗಾಗಿ ಮೃತನ ಕಡೆಯವರು ಯಾರ ಕೈಯಲ್ಲಿಯೂ ಹಣವಿಡಬೇಕಾಗಿಲ್ಲ. ಒಂದು ಹಗಲು ಕಳೆಯುತ್ತದೆ, ನಿಜ. ಆ ಒಂದು ಹಗಲಿನ ತಾಳ್ಮೆಯಿಂದ ಹೆಂಡತಿ ಮಕ್ಕಳ ಮುಂದಿನ ಹತ್ತು ವರ್ಷ ಸುಗಮವಾಗಬಹುದು.

ಖಾಸಗಿ ಆಸ್ಪತ್ರೆಯ ವಿಷಯದಲ್ಲಿ ಇನ್ನೊಂದು ಮಾತು. ಬಿಲ್ಲು ಬಾಕಿಯಿದೆಯೆಂದು ದೇಹವನ್ನು ತಡೆದಿಡುವ ಅಧಿಕಾರ ಆಸ್ಪತ್ರೆಗಿಲ್ಲವೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೧೮ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಸ್ಪಷ್ಟವಾಗಿದೆ. ಬಾಕಿಯ ವಸೂಲಿಗೆ ಬೇರೆ ಮಾರ್ಗಗಳಿವೆ. ಹೆಣವನ್ನು ಒತ್ತೆಯಿಡುವುದು ಮಾರ್ಗವಲ್ಲ.

ಮರಣ ಎಲ್ಲಿಯೋ ದಾಖಲೆ ಅಲ್ಲಿ

೧೯೬೯ರ ಜನನ ಮರಣ ನೋಂದಣಿ ಕಾಯಿದೆಯಂತೆ ಮರಣವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗಬೇಕು. ಮೃತನ ಹುಟ್ಟೂರಿನಲ್ಲಿ ಅಲ್ಲ. ಪುಣೆಯಲ್ಲಿ ತೀರಿಕೊಂಡವರ ಪ್ರಮಾಣಪತ್ರವನ್ನು ಕಾರ್ಕಳದ ಪುರಸಭೆಯಾಗಲಿ ಇಂಡಿಯ ಸ್ಥಳೀಯ ಸಂಸ್ಥೆಯಾಗಲಿ ಕೊಡಲಾರದು. ಪುಣೆಯಲ್ಲಿಯೂ ಸೀಮೆಗಳನ್ನು ಗಮನಿಸಬೇಕು: ಪುಣೆ ಮಹಾನಗರಪಾಲಿಕೆ ಬೇರೆ, ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆ ಬೇರೆ. ಚಿಂಚವಾಡದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ತೀರಿಕೊಂಡವನ ಕಾಗದಕ್ಕೆ ಪುಣೆಯ ಕಚೇರಿಯಲ್ಲಿ ಸಾಲು ನಿಂತರೆ ದಿನ ವ್ಯರ್ಥ.

ಇಪ್ಪತ್ತೊಂದು ದಿನಗಳೊಳಗೆ ವರದಿಯಾದರೆ ನೋಂದಣಿಗೆ ಶುಲ್ಕವಿಲ್ಲ. ಮೂವತ್ತು ದಿನಗಳವರೆಗೆ ವಿಳಂಬ ಶುಲ್ಕದೊಡನೆ ಆಗುತ್ತದೆ. ಅನಂತರ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಮೀರಿದರೆ ದಂಡಾಧಿಕಾರಿಯ ಆಜ್ಞೆಯೇ ಬೇಕು. ಆಸ್ಪತ್ರೆಯಲ್ಲಿಯ ಮರಣವನ್ನು ಆಸ್ಪತ್ರೆಯೇ ವರದಿ ಮಾಡಬೇಕು. ಮನೆಯಲ್ಲಿಯದನ್ನು ಮನೆಯ ಹಿರಿಯರು. ಛತ್ರ, ಧರ್ಮಶಾಲೆ, ವಸತಿಗೃಹ ಮೊದಲಾದವುಗಳಲ್ಲಿ ಸಂಭವಿಸಿದ ಮರಣವನ್ನು ವರದಿ ಮಾಡುವ ಹೊಣೆ ಆ ಸ್ಥಳದ ಉಸ್ತುವಾರಿ ಹೊತ್ತವನದು ಎಂದು ಅದೇ ಕಾಯಿದೆಯ ಎಂಟನೆಯ ಕಲಮು ಹೇಳುತ್ತದೆ. ಹೋಟೆಲಿನ ಯಜಮಾನರು ಈ ವಾಕ್ಯವನ್ನು ಎರಡು ಸಲ ಓದಬೇಕೆಂದು ನಮ್ಮ ವಿನಂತಿ.

ವರದಿಯ ಕಾಗದವನ್ನು ತುಂಬಿಸುವಾಗ ಹೆಸರನ್ನು ಆಧಾರ ಚೀಟಿಯಲ್ಲಿರುವಂತೆಯೇ ಬರೆಸಬೇಕು. ನಮ್ಮವರ ಹೆಸರುಗಳ ಪಾಡು ಎಲ್ಲರಿಗೂ ತಿಳಿದದ್ದೇ. ಊರಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಹೋಟೆಲಿನಲ್ಲಿ 'ಅಣ್ಣಾ' ಎಂಬ ಮೂರನೆಯದು. ಮರಾಠಿ ಕ್ರಮದಂತೆ ನಡುವೆ ತಂದೆಯ ಹೆಸರು ಸೇರಿ ನಾಲ್ಕನೆಯದು. ಒಂದು ಅಕ್ಷರ ತಪ್ಪಿದರೆ ಬ್ಯಾಂಕಿನ ಗುಮಾಸ್ತರು ಕಾಗದವನ್ನು ಹಿಂದಿರುಗಿಸುತ್ತಾರೆ. ತಿದ್ದುಪಡಿಗಾಗಿ ವಿಧವೆಯು ಕುಂದಾಪುರದಿಂದ ಪುಣೆಗೆ ಬರಬೇಕಾಗುತ್ತದೆ. ಕಾಯಂ ವಿಳಾಸದ ಸ್ಥಾನದಲ್ಲಿ ಊರಿನ ವಿಳಾಸವನ್ನೇ ಬರೆಸಬೇಕು. ಪ್ರಮಾಣಪತ್ರದ ಐದಾರು ಪ್ರತಿಗಳನ್ನು ಒಂದೇ ಸಲಕ್ಕೆ ಪಡೆದಿಡುವುದು ಜಾಣತನ.

ವೈಕುಂಠದಲ್ಲಿ

ಪುಣೆಯಲ್ಲಿಯೇ ಸಂಸ್ಕಾರ ಮಾಡುವುದಾದರೆ, ಮುಠಾ ನದಿಯ ದಂಡೆಯಲ್ಲಿ ನವೀಪೇಠೆಯ ಬಳಿ ಇರುವ ವೈಕುಂಠ ಸ್ಮಶಾನಭೂಮಿಯನ್ನು ಅರಿಯದವರಿಲ್ಲ. ಸಂಗಮದ ಬದಿಯ ಕೈಲಾಸ, ಯರವಡೆ ಮೊದಲಾದ ಕಡೆಗಳಲ್ಲಿಯೂ ಸ್ಮಶಾನಗಳಿವೆ. ಇವು ಮಹಾನಗರಪಾಲಿಕೆಯ ಆಡಳಿತದಲ್ಲಿವೆ. ವೈದ್ಯರ ಕಾಗದವನ್ನು ತೋರಿಸಿ ಪಾಲಿಕೆಯ ಆರೋಗ್ಯ ಇಲಾಖೆಯಿಂದ ಅಂತ್ಯಕ್ರಿಯೆಯ ಪಾಸನ್ನು ಪಡೆಯಬೇಕು. ಪಾಸಿಲ್ಲದೆ ಸಂಸ್ಕಾರವಿಲ್ಲ, ಆ ಪಾಸಿನ ಒಂದು ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಬೇಕು. ಶವವಾಹಿನಿಗಳೂ ಸಾರ್ವಜನಿಕ ಸೇವೆಯಲ್ಲಿವೆ. 'ಪುಷ್ಪಕ' ಎಂಬ ಹೆಸರಿನ ವಾಹನಗಳನ್ನು ನಗರದ ಬಸ್ಸುಗಳನ್ನು ನಡೆಸುವ ಸಂಸ್ಥೆಯೇ ಓಡಿಸುತ್ತ ಬಂದಿದೆ. ಮಧ್ಯಸ್ಥನ ವಾಹನವನ್ನು ಹಿಡಿಯುವ ಮೊದಲು ಪಾಲಿಕೆಯನ್ನು ವಿಚಾರಿಸುವುದು ಲೇಸು.

ಸೌದೆಯ ಚಿತೆಯೋ, ವಿದ್ಯುತ್ತಿನ ಇಲ್ಲವೆ ಅನಿಲದ ಕುಲುಮೆಯೋ ಎಂಬುದು ಮುಂದಿನ ಪ್ರಶ್ನೆ. ಒಂದು ಚಿತೆಗೆ ಮುನ್ನೂರರಿಂದ ನಾನೂರು ಕಿಲೋ ಸೌದೆ ಬೇಕು. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಅಸ್ಥಿಸಂಚಯನಕ್ಕೆ ಮರುದಿನ ಅಥವಾ ಮೂರನೆಯ ದಿನ ಮತ್ತೆ ಬರಬೇಕು. ಕುಲುಮೆಯಲ್ಲಿ ಒಂದೆರಡು ತಾಸುಗಳಲ್ಲಿ ಕಾರ್ಯ ಮುಗಿದು ಅಸ್ಥಿ ಅದೇ ದಿನ ಕೈಗೆ ಬರುತ್ತದೆ. ಆ ದಿನವೇ ರಾತ್ರಿಯ ಬಸ್ಸಿನಲ್ಲಿ ಊರಿಗೆ ಹೊರಡಬೇಕಾದವರಿಗೆ ಇದು ಅನುಕೂಲ. ಕುಲುಮೆಯಲ್ಲಿ ಸುಟ್ಟರೆ ಸದ್ಗತಿಯಿಲ್ಲವೆಂಬ ಮಾತನ್ನು ಇನ್ನೂ ಅಲ್ಲಲ್ಲಿ ಕೇಳುತ್ತೇವೆ. ಅಗ್ನಿಗೆ ಜಾತಿಯಿಲ್ಲ, ಮಂತ್ರವನ್ನು ಎರಡೂ ಕಡೆ ಹೇಳಬಹುದು. ೨೦೨೦-೨೧ರ ಮಹಾಮಾರಿಯ ದಿನಗಳಲ್ಲಿ ಬಂಧುಗಳು ಹತ್ತಿರ ಬರಲಾಗದಿದ್ದಾಗ ಪಾಲಿಕೆಯ ನೌಕರರೇ ಇದೇ ಕುಲುಮೆಗಳ ಮುಂದೆ ನಿಂತು ಅಪರಿಚಿತರ ಸಂಸ್ಕಾರ ನಡೆಸಿದರು. ಅವರಿಗೆ ಗತಿ ದೊರೆಯಲಿಲ್ಲವೆಂದು ಯಾರು ಹೇಳಬಲ್ಲರು?

ಬಿಜಾಪುರ, ಕಲಬುರ್ಗಿ, ಬೆಳಗಾವಿಯ ಕಡೆಯ ನಮ್ಮ ಲಿಂಗಾಯತ ಬಂಧುಗಳಲ್ಲಿ ದಹನವಿಲ್ಲ; ಮಣ್ಣು ಮಾಡುವುದು ಸಂಪ್ರದಾಯ. ಅವರು ತಮ್ಮ ಸಮಾಜದ ರುದ್ರಭೂಮಿಯ ವ್ಯವಸ್ಥೆಯನ್ನೂ, ಜಂಗಮರ ವಿಳಾಸವನ್ನೂ ಮೊದಲೇ ವಿಚಾರಿಸಿಟ್ಟಿರಬೇಕು. ಮುಸಲ್ಮಾನ ಮತ್ತು ಕ್ರೈಸ್ತ ಬಾಂಧವರಿಗೆ ಅವರ ಜಮಾತು ಮತ್ತು ಇಗರ್ಜಿಗಳ ಆಸರೆಯಿದೆ. ಆದರೆ ಅಲ್ಲಿಯೂ ವೈದ್ಯರ ಕಾಗದ ಮತ್ತು ನೋಂದಣಿ ತಪ್ಪಿದ್ದಲ್ಲ.

ಬಾಬುಗಳನ್ನು ಈಗ ಸಾಲಾಗಿ ಹೇಳೋಣ. ದೇಹವನ್ನು ಇಟ್ಟುಕೊಳ್ಳುವ ಶವಾಗಾರದ ಅಥವಾ ಶೀತಪೆಟ್ಟಿಗೆಯ ಬಾಡಿಗೆ, ವಾಹನ, ಚಟ್ಟ, ಬಟ್ಟೆ, ಮಡಕೆ, ಹೂವು ಮೊದಲಾದ ಸಾಮಗ್ರಿ, ಸೌದೆ ಅಥವಾ ಕುಲುಮೆಯ ಶುಲ್ಕ, ಪುರೋಹಿತರ ದಕ್ಷಿಣೆ, ಅಸ್ಥಿ ವಿಸರ್ಜನೆ, ಅನಂತರದ ಕರ್ಮಾಂತರ. ಏಳೇ ಬಾಬು. ಪ್ರತಿಯೊಂದಕ್ಕೂ ಬೇರೆ ಬೇರೆ ದರವನ್ನು ಕೇಳಬೇಕು, ಪಾಲಿಕೆಯ ಶುಲ್ಕವಿದ್ದಲ್ಲಿ ರಸೀದಿಯನ್ನು ಪಡೆಯಬೇಕು. ಈ ಏಳರಲ್ಲಿ ಸ್ಮಶಾನದ ಶುಲ್ಕವೇ ಅತ್ಯಂತ ಕಡಿಮೆಯದು. ಹಣ ಸೋರುವುದು ವಾಹನದಲ್ಲಿ ಮತ್ತು ಕರ್ಮಾಂತರದಲ್ಲಿ. ಇನ್ನೊಂದು ಸಂಗತಿ ನಮ್ಮ ಗುಮಾಸ್ತ ವಾಚಕರಿಗೆ ವಿಶೇಷವಾಗಿ ಉಪಯುಕ್ತ: ಅಂತ್ಯಕ್ರಿಯೆ, ದಫನು, ಸ್ಮಶಾನ, ಶವಾಗಾರ ಮತ್ತು ಮೃತದೇಹದ ಸಾಗಾಟ, ಈ ಸೇವೆಗಳು ೨೦೧೭ರ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯ ಮೂರನೆಯ ಅನುಸೂಚಿಯಂತೆ ತೆರಿಗೆಗೆ ಒಳಪಡುವುದೇ ಇಲ್ಲ. ಯಾರಾದರೂ ಇವುಗಳ ಮೇಲೆ ಜಿಎಸ್‌ಟಿ ಸೇರಿಸಿ ಬಿಲ್ಲು ಬರೆದರೆ, ಅದು ಸಲ್ಲದೆಂದು ಧೈರ್ಯವಾಗಿ ಹೇಳಬಹುದು.

ಊರಿನ ದಾರಿ

ಮೃತದೇಹವನ್ನು ಊರಿಗೆ ಒಯ್ಯಬೇಕೆ, ಇಲ್ಲಿಯೇ ಸಂಸ್ಕಾರ ಮಾಡಬೇಕೆ? ನಮ್ಮವರನ್ನು ಹೆಚ್ಚಾಗಿ ಕಾಡುವ ಪ್ರಶ್ನೆಯಿದು. ಪುಣೆಯಿಂದ ಬೆಳಗಾವಿಗೆ ಮುನ್ನೂರನಲವತ್ತು ಕಿಲೋಮೀಟರು, ಬಿಜಾಪುರಕ್ಕೆ ಸೊಲ್ಲಾಪುರದ ಮಾರ್ಗವಾಗಿ ಮುನ್ನೂರೈವತ್ತರ ಆಸುಪಾಸು. ಅಲ್ಲಿಯವರಿಗೆ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮಣ್ಣು ಕೊಡಲು ಸಾಧ್ಯ. ಉಡುಪಿಯ ಕಡೆಗೋ, ದಾರಿ ಸುಮಾರು ಏಳುನೂರು ಕಿಲೋಮೀಟರು. ವಾಹನದವರು ಹೋಗುವ ದಾರಿಗೆ ಮಾತ್ರವಲ್ಲ, ಬರಿದಾಗಿ ಹಿಂದಿರುಗುವ ದಾರಿಗೂ ಬಾಡಿಗೆ ಹಿಡಿಯುತ್ತಾರೆ. ಆದುದರಿಂದ ಲೆಕ್ಕ ಸಾವಿರದ ನಾನೂರು ಕಿಲೋಮೀಟರಿನದು. ಉದಾಹರಣೆಗಾಗಿ ಕಿಲೋಮೀಟರಿಗೆ ಇಪ್ಪತ್ತು ರೂಪಾಯಿ ಎಂದಿಟ್ಟುಕೊಂಡರೂ ೨೮,೦೦೦ ರೂಪಾಯಿ. ಟೋಲು, ಚಾಲಕರ ಊಟದ ಭತ್ಯ, ಮಂಜುಗಡ್ಡೆ ಅಥವಾ ಶೀತಪೆಟ್ಟಿಗೆ ಬೇರೆ. ರಾತ್ರಿಯ ಪ್ರಯಾಣಕ್ಕೆ ಇಬ್ಬರು ಚಾಲಕರು ಬೇಕೆಂದರೆ ಅದೂ ಬೇರೆ. ರುಗ್ಣವಾಹಿಕೆಗಳ ದರವನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ನಿಗದಿ ಮಾಡುತ್ತದೆ. ಆ ದರಪಟ್ಟಿಯನ್ನು ಕೇಳುವ ಹಕ್ಕು ನಮಗಿದೆ. ಕಿಲೋಮೀಟರಿಗೆ ಎಷ್ಟು, ಒಟ್ಟು ಎಷ್ಟು ಕಿಲೋಮೀಟರು, ಟೋಲು ಯಾರದು, ಕಾಯುವ ಹೊತ್ತಿಗೆ ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದಲ್ಲದೆ ಮುಂಗಡ ಕೊಡಬಾರದು.

ವಿಮಾನದಲ್ಲಿ ಒಯ್ಯುವುದಾದರೆ ದೇಹಕ್ಕೆ ಔಷಧಲೇಪ ಮಾಡಿಸಿದ ಪ್ರಮಾಣಪತ್ರ, ಮುಚ್ಚಿ ಭದ್ರಪಡಿಸಿದ ಪೆಟ್ಟಿಗೆ, ಪೊಲೀಸರ ನಿರಾಕ್ಷೇಪಣಾ ಪತ್ರ, ವೈದ್ಯರ ಕಾಗದ ಎಲ್ಲವೂ ಬೇಕು. ಸರಕಿನಂತೆ ಪೆಟ್ಟಿಗೆಯ ಸಹಿತ ತೂಕ ಮಾಡಿ ದರ ಹಾಕುತ್ತಾರೆ. ವಿಮಾನನಿಲ್ದಾಣದಿಂದ ಮನೆಯವರೆಗೆ ಮತ್ತೆ ವಾಹನ. ಅವಸರದಲ್ಲಿ ವಿಮಾನವೇ ಶೀಘ್ರವೆಂದು ತೋರಿದರೂ, ಕಾಗದಗಳು ಕೂಡುವಷ್ಟರಲ್ಲಿ ರಸ್ತೆಯ ವಾಹನ ಊರು ಮುಟ್ಟಿರುವುದುಂಟು.

"ಮುಖವನ್ನೊಮ್ಮೆ ತೋರಿಸಿ" ಎಂದು ತಾಯಿಯು ದೂರವಾಣಿಯಲ್ಲಿ ಗೋಳಾಡುವಾಗ ಕಿಲೋಮೀಟರಿನ ಲೆಕ್ಕ ಹೇಳುವ ಕಠೋರತೆ ನಮಗಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಲೋಟ ತೊಳೆಯಲು ಕಳಿಸಿದ ಮಗನನ್ನು ಮೂವತ್ತು ವರ್ಷಗಳಲ್ಲಿ ಮೂವತ್ತು ಸಲವೂ ನೋಡಿರದ ತಾಯಿ ಆಕೆ. ಒಯ್ಯಲು ಸಾಧ್ಯವಿದ್ದವರು ಒಯ್ಯಲಿ. ಆದರೆ ಸಾಲ ಮಾಡಿ ಒಯ್ಯುವ ಮೊದಲು ಆ ಸಾಲವನ್ನು ತೀರಿಸುವವರು ಯಾರೆಂದು ಊರಿನ ಹಿರಿಯರೊಡನೆ ಬಿಚ್ಚುಮಾತಿನಲ್ಲಿ ಚರ್ಚಿಸಬೇಕು. ಊರಿನಿಂದ ತಮ್ಮನೋ ಮಗನೋ ರಾತ್ರಿಯ ಬಸ್ಸಿನಲ್ಲಿ ಹೊರಟು ಬಂದರೆ ಮರುದಿನ ಮಧ್ಯಾಹ್ನ ಅವನ ಕೈಯಿಂದಲೇ ಇಲ್ಲಿ ಅಗ್ನಿಸಂಸ್ಕಾರವಾಗಬಹುದು. ಅಷ್ಟು ಹೊತ್ತು ದೇಹವನ್ನು ಶವಾಗಾರದಲ್ಲಿ ಇಡುವುದು ಕಷ್ಟವಲ್ಲ. ಮನೆಯವರು ಈಗ ಫೋನಿನ ಪರದೆಯಲ್ಲಿ ಮುಖವನ್ನು ನೋಡಬಲ್ಲರು. ಅಸ್ಥಿಯು ತಾಯಿಯ ಅಂಗಳಕ್ಕೆ ಹೋಗುತ್ತದೆ. ಸೀತಾನದಿಯಲ್ಲಿಯೋ ಸ್ವರ್ಣೆಯಲ್ಲಿಯೋ ವಿಸರ್ಜನೆಯಾಗುತ್ತದೆ. ಉಳಿದ ಹಣ ಆ ತಾಯಿಯ ಔಷಧಕ್ಕೆ, ಮಗುವಿನ ಶಾಲೆಗೆ ಆಗುತ್ತದೆ. ಇದು ಕಡಿಮೆ ಪ್ರೀತಿಯ ಲಕ್ಷಣವೆಂದು ಯಾರೂ ಭಾವಿಸಬೇಕಾಗಿಲ್ಲ.

ಕರ್ಮಾಂತರದ ವಿಷಯದಲ್ಲಿ ನಾವು ಹೆಚ್ಚು ಬರೆಯುವುದಿಲ್ಲ. ಅದು ಅವರವರ ನಂಬಿಕೆ. ಪುಣೆಯಲ್ಲಿ ಪೇಶವೆಯರ ಕಾಲದ ಓಂಕಾರೇಶ್ವರದ ಬಳಿಯ ಘಟ್ಟದಲ್ಲಿ ದಶಕ್ರಿಯೆ ನಡೆಯುವುದನ್ನು ಎಲ್ಲರೂ ಬಲ್ಲರು. ಅಲ್ಲಿಯೂ ದಕ್ಷಿಣೆಯನ್ನು ಮೊದಲೇ ಮಾತನಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಸಜ್ಜನರಾದ ಪುರೋಹಿತರು ಬಡವನನ್ನು ಪೀಡಿಸುವುದಿಲ್ಲ. ಊರಿನಲ್ಲಿ ಮಾತ್ರ ಬೊಜ್ಜದ ಊಟಕ್ಕೆ ಸಾವಿರ ಎಲೆ ಹಾಕಿಸಿ, "ಪೂನಾದಲ್ಲಿ ಇದ್ದವನ ಬೊಜ್ಜ" ಎಂಬ ಹೆಸರಿಗಾಗಿ ಗದ್ದೆಯ ಮೇಲೆ ಸಾಲ ಎತ್ತಿದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಉಂಡವರು ಮರುದಿನವೇ ಮರೆಯುತ್ತಾರೆ. ಬಡ್ಡಿ ಮರೆಯುವುದಿಲ್ಲ.

ಪರದೇಶದ ಪಾಠ

ಅಂತ್ಯಕ್ರಿಯೆಯು ವ್ಯಾಪಾರವಾದರೆ ಏನಾಗುತ್ತದೆಂಬುದನ್ನು ಅಮೆರಿಕವು ಬಹಳ ಹಿಂದೆಯೇ ಕಂಡಿದೆ. ಅಲ್ಲಿ ದೇಹವನ್ನು ಸಿಂಗರಿಸುವುದರಿಂದ ಹಿಡಿದು ಪೆಟ್ಟಿಗೆಯವರೆಗೆ ಎಲ್ಲವನ್ನೂ ಒದಗಿಸುವ ಅಂಗಡಿಗಳೇ ಇವೆ. ದುಃಖದಲ್ಲಿರುವ ಮನೆಯವರಿಗೆ ಬೇಡವಾದುದನ್ನೂ ತಲೆಗೆ ಕಟ್ಟುವ ರೂಢಿಯನ್ನು ೧೯೬೩ರಲ್ಲಿ ಜೆಸ್ಸಿಕಾ ಮಿಟ್‌ಫರ್ಡ್ ಎಂಬ ಲೇಖಕಿಯು ಒಂದು ಗ್ರಂಥದಲ್ಲಿ ಬಯಲಿಗೆಳೆದಳು. ೧೯೮೪ರಲ್ಲಿ ಅಲ್ಲಿನ ಸರಕಾರವು ನಿಯಮವನ್ನು ಜಾರಿಗೆ ತಂದಿತು: ಕೇಳಿದವರಿಗೆ ಬಾಬುವಾರು ದರಪಟ್ಟಿಯನ್ನು ಕೊಡಬೇಕು, ದೂರವಾಣಿಯಲ್ಲಿ ಕೇಳಿದರೂ ದರ ಹೇಳಬೇಕು, ಗಿರಾಕಿಯು ತನಗೆ ಬೇಕಾದುದನ್ನಷ್ಟೇ ಕೊಳ್ಳಬಹುದು. ಇಂಗ್ಲೆಂಡಿನಲ್ಲಿಯೂ ೨೦೨೧ರಿಂದ ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕೆಂಬ ಆಜ್ಞೆಯಾಗಿದೆ. ಆದರೂ ೨೦೨೩ರಲ್ಲಿ ಅಮೆರಿಕದಲ್ಲಿ ದಫನಿನ ಸಹಿತ ಒಂದು ಅಂತ್ಯಕ್ರಿಯೆಯ ಮಧ್ಯಾಂಕ ವೆಚ್ಚ ೮,೩೦೦ ಡಾಲರಿನಷ್ಟಿತ್ತೆಂದು ಆ ವ್ಯವಸಾಯದವರ ಸಂಘವೇ ಲೆಕ್ಕ ಕೊಟ್ಟಿತ್ತು.

ನಮ್ಮ ದೇಶದ ದೊಡ್ಡ ನಗರಗಳಲ್ಲಿಯೂ ಇಂಥ ಕಂಪನಿಗಳು ತಲೆಯೆತ್ತಿವೆ. ಹೊರುವ ಜನರಿಂದ ಹಿಡಿದು ಅಸ್ಥಿ ವಿಸರ್ಜನೆಯವರೆಗೆ ಎಲ್ಲವನ್ನೂ ಒಂದೇ ಹಣಕ್ಕೆ ನಡೆಸಿಕೊಡುತ್ತೇವೆನ್ನುತ್ತವೆ. ಊರಿನಲ್ಲಿ ನೆರೆಯವರು ಕೇಳದೆಯೇ ಬಂದು ಚಟ್ಟ ಕಟ್ಟುತ್ತಿದ್ದರು. ನಗರದಲ್ಲಿ ಹೆಗಲಿಗೂ ಬಾಡಿಗೆ. ಮಕ್ಕಳು ವಿದೇಶದಲ್ಲಿರುವ ವೃದ್ಧ ದಂಪತಿಗಳಿಗೆ ಇದು ಬೇಕಾಗಬಹುದು, ನಾವು ಹಳಿಯುವುದಿಲ್ಲ. ಆದರೆ ಅಲ್ಲಿಯೂ ದರಪಟ್ಟಿಯನ್ನು ಕೇಳಬೇಕು. ನಮ್ಮ ಹೋಟೆಲು ಬಂಧುಗಳಿಗಂತೂ ಹೆಗಲಿನ ಬರಗಾಲವಿಲ್ಲ, ಕೊರತೆಯಿರುವುದು ತಿಳಿವಳಿಕೆಯದು.

ಬರಬೇಕಾದ ಹಣ

ಕೊಡುವ ಲೆಕ್ಕವಾಯಿತು, ಇನ್ನು ಬರುವ ಲೆಕ್ಕ. ಪಗಾರದಿಂದ ಇ.ಎಸ್.ಐ. ಹಣ ಕಡಿತವಾಗುತ್ತಿದ್ದ ನೌಕರನು ತೀರಿಕೊಂಡರೆ ಅಂತ್ಯಕ್ರಿಯೆಯ ವೆಚ್ಚಕ್ಕೆಂದು ೧೫,೦೦೦ ರೂಪಾಯಿಗಳವರೆಗೆ ದೊರೆಯುತ್ತದೆ. ೨೦೧೯ಕ್ಕೆ ಮೊದಲು ಇದು ೧೦,೦೦೦ ಇತ್ತು. ಮೂರು ತಿಂಗಳೊಳಗೆ ಕೇಳಬೇಕು. ಇಲ್ಲಿ ಪರಸ್ಥಳದವರು ನೆನಪಿಡಬೇಕಾದ ವಿಶೇಷವೊಂದಿದೆ: ಮೃತನು ಕುಟುಂಬದೊಡನೆ ವಾಸವಾಗಿರದಿದ್ದರೆ, ನಿಜವಾಗಿ ಖರ್ಚು ಮಾಡಿದವರಿಗೇ ಈ ಹಣ ಸಲ್ಲುತ್ತದೆ. ಅಂದರೆ ರೂಮಿನ ಸಂಗಾತಿಗಳು ರಸೀದಿಗಳನ್ನು ಜೋಪಾನ ಮಾಡಿದ್ದರೆ ಅವರೇ ಪಡೆಯಬಹುದು. ನಮ್ಮ ಕಾರ್ಯಾಲಯಕ್ಕೆ ಬಂದ ಮೂವರಿಗೂ ಇದು ತಿಳಿದಿರಲಿಲ್ಲ. ಅವರ ಕೈಯಲ್ಲಿದ್ದುದು ರಸೀದಿಯಲ್ಲ, ಚೀಟಿ.

ಭವಿಷ್ಯ ನಿಧಿಯ ಸದಸ್ಯನಾಗಿದ್ದರೆ ನಿಧಿಯ ಹಣವಲ್ಲದೆ, ಅದಕ್ಕೆ ಹೊಂದಿಕೊಂಡ ವಿಮೆಯಿಂದ ೭ ಲಕ್ಷದವರೆಗೆ, ಮತ್ತು ವಿಧವೆಗೆ ನಿವೃತ್ತಿವೇತನ ಉಂಟು. ಗ್ರಾಚ್ಯುಯಿಟಿಗೆ ಐದು ವರ್ಷದ ಸೇವೆ ಬೇಕೆಂಬ ನಿಯಮ ಮರಣದ ಸಂದರ್ಭಕ್ಕೆ ಅನ್ವಯಿಸದು. ಬ್ಯಾಂಕಿನ ಮೂಲಕ ವರ್ಷಕ್ಕೆ ೪೩೬ ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ ೨ ಲಕ್ಷದ ವಿಮೆ. ಹದಿನೆಂಟರಿಂದ ಐವತ್ತು ವಯಸ್ಸಿನವರು ಸೇರಬಹುದು. ವರ್ಷಕ್ಕೆ ೨೦ ರೂಪಾಯಿ ಕಟ್ಟಿದರೆ ಸುರಕ್ಷಾ ಯೋಜನೆಯಲ್ಲಿ ಅಪಘಾತದ ಮರಣಕ್ಕೆ ೨ ಲಕ್ಷ. ಎರಡೂ ಸೇರಿ ೪೫೬ ರೂಪಾಯಿ. ದಿನಕ್ಕೆ ಒಂದೂಕಾಲು ರೂಪಾಯಿ. ಒಂದು ಕಟಿಂಗ್ ಚಹಾದ ಬೆಲೆಯೂ ಅಲ್ಲ. ಆದರೆ ಖಾತೆಗೆ ನಾಮಿನಿಯ ಹೆಸರಿಲ್ಲದಿದ್ದರೆ ಇದೆಲ್ಲವೂ ಕಚೇರಿಗಳ ಅಲೆದಾಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮದುವೆಗೆ ಮೊದಲು ತಂದೆಯ ಹೆಸರನ್ನು ಬರೆದವರು, ತಂದೆ ತೀರಿಕೊಂಡ ಮೇಲೂ ಅದನ್ನೇ ಉಳಿಸಿಕೊಂಡಿರುವುದುಂಟು. ಇಂದೇ ನೋಡಿಕೊಳ್ಳಬೇಕು.

ಇಲ್ಲಿ ಒಂದು ತಪ್ಪೊಪ್ಪಿಗೆ ಅವಶ್ಯಕ. ಈ ಅಂಕಣವನ್ನು ಬರೆಯುವವನು ಗಲ್ಲೆಯ ಹಿಂದೆ ಕುಳಿತಿದ್ದ ಕಾಲದಲ್ಲಿ ಅವನ ಹೋಟೆಲಿನ ಕ್ಲೀನರ್ ಹುಡುಗನೊಬ್ಬನು ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಪೊಲೀಸರು ವಿಳಾಸ ಕೇಳಿದರು. ರಿಜಿಸ್ಟರಿನಲ್ಲಿ ಹುಡುಗನ ಹೆಸರಿನ ಮುಂದೆ ಒಂದು ತಾಲೂಕಿನ ಹೆಸರು ಮಾತ್ರ ಇತ್ತು. ನಾಲ್ಕು ವರ್ಷ ಅವನು ಬಡಿಸಿದ ನೀರನ್ನು ಕುಡಿದ ಯಜಮಾನನಿಗೆ ಅವನ ಹಳ್ಳಿ ಯಾವುದೆಂದು ತಿಳಿದಿರಲಿಲ್ಲ. ಎರಡು ದಿನ ದೇಹವು ಶವಾಗಾರದಲ್ಲಿ ಉಳಿಯಿತು. ಕೊನೆಗೆ ಬೇರೊಂದು ಹೋಟೆಲಿನ ಅಡುಗೆಭಟ್ಟರು ಗುರುತು ಹಿಡಿದು ಊರನ್ನು ಹೇಳಿದರು. ತಾಯಿ ಬರುವಷ್ಟರಲ್ಲಿ ನೋಡುವಂಥ ಮುಖ ಉಳಿದಿರಲಿಲ್ಲ. ಇ.ಎಸ್.ಐ. ಹಣದ ನೆನಪಾದಾಗ ಮೂರು ತಿಂಗಳ ಗಡುವು ಮೀರಿತ್ತು. ಆ ತಾಯಿ ನಮ್ಮನ್ನು ಶಪಿಸಲಿಲ್ಲ. ಹೊರಡುವಾಗ "ಮಗನನ್ನು ಚೆನ್ನಾಗಿ ನೋಡಿಕೊಂಡಿರಿ, ಧಣಿಗಳೇ" ಎಂದು ಕೈಮುಗಿದಳು. ಆ ಕೈಮುಗಿತವನ್ನು ನೆನೆದಾಗ ಇಂದಿಗೂ ತಲೆ ತಗ್ಗುತ್ತದೆ.

ಆದುದರಿಂದ ಯಜಮಾನರಲ್ಲಿ ನಮ್ಮ ಮೊದಲ ವಿನಂತಿ: ಕೆಲಸಕ್ಕೆ ಸೇರಿದ ದಿನವೇ ನೌಕರನ ಪೂರ್ಣ ವಿಳಾಸ, ಮನೆಯವರ ಎರಡು ದೂರವಾಣಿ ಸಂಖ್ಯೆ, ಆಧಾರದ ಪ್ರತಿ, ನಾಮಿನಿಯ ಹೆಸರು, ಮೊದಲೇ ಇರುವ ಕಾಯಿಲೆ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ, ವರ್ಷಕ್ಕೊಮ್ಮೆ ತಿದ್ದಿರಿ. ನೌಕರರ ಸಂಖ್ಯೆಯನ್ನು ಕಡಿಮೆ ತೋರಿಸಿ ಇ.ಎಸ್.ಐ. ತಪ್ಪಿಸುವ ಪದ್ಧತಿಯನ್ನು ಬಿಡಿರಿ. ಅದರಿಂದ ಉಳಿಯುವುದು ಅಲ್ಪ. ಒಬ್ಬನು ತೀರಿಕೊಂಡ ದಿನ ಅವನ ಮನೆಯವರು ಕಳೆದುಕೊಳ್ಳುವುದು ಅಪಾರ.

ಎರಡನೆಯ ವಿನಂತಿ ನಮ್ಮ ಸಂಘಸಂಸ್ಥೆಗಳಲ್ಲಿ. ಈ ನಗರದಲ್ಲಿ ಕನ್ನಡ ಸಂಘವು ಶಾಲೆಗಳನ್ನು ಕಟ್ಟಿ ಬೆಳೆಸಿದೆ. ಬಂಟರ ಸಂಘಕ್ಕೆ ಭವ್ಯವಾದ ಭವನವಿದೆ. ಇತರ ಸಮಾಜಗಳಿಗೂ ತಮ್ಮ ತಮ್ಮ ಸಂಘಗಳಿವೆ. ಮದುವೆಗೆ ಸಭಾಂಗಣವನ್ನೂ ಹಬ್ಬಕ್ಕೆ ವೇದಿಕೆಯನ್ನೂ ಒದಗಿಸಿದ ಈ ಸಂಸ್ಥೆಗಳು ಒಂದುಗೂಡಿ, ಜಾತಿಯ ಎಲ್ಲೆ ನೋಡದೆ, ಒಂದು ಅಂತ್ಯಸಹಾಯ ನಿಧಿಯನ್ನು ಸ್ಥಾಪಿಸಬಾರದೇಕೆ? ಹೋಟೆಲೊಂದಕ್ಕೆ ದಿನಕ್ಕೆ ಐದು ರೂಪಾಯಿಯಾದರೂ ವರ್ಷಕ್ಕೆ ೧,೮೨೫. ಇಂಥ ಇನ್ನೂರು ಹೋಟೆಲುಗಳು ಸೇರಿದರೆ ವರ್ಷಕ್ಕೆ ೩,೬೫,೦೦೦ ರೂಪಾಯಿ ಕೂಡುತ್ತದೆ. ಹಗಲುರಾತ್ರಿ ಎತ್ತುವ ಒಂದು ದೂರವಾಣಿ, ಮರಾಠಿ ಬಲ್ಲ ನಾಲ್ವರು ಸ್ವಯಂಸೇವಕರು, ನಂಬಿಗಸ್ತ ವಾಹನದವರೊಡನೆ ಬರಹದ ದರ ಒಪ್ಪಂದ, ಇವಿಷ್ಟಿದ್ದರೆ ಆಸ್ಪತ್ರೆಯ ಬ��ಗಿಲಿನ ಮಧ್ಯಸ್ಥನಿಗೆ ನಮ್ಮವರ ಹತ್ತಿರ ಕೆಲಸವಿರುವುದಿಲ್ಲ. ನಿಧಿಯ ಲೆಕ್ಕವನ್ನು ಪ್ರತಿ ತಿಂಗಳೂ ಈ ಪತ್ರಿಕೆಯಲ್ಲಿ ಉಚಿತವಾಗಿ ಪ್ರಕಟಿಸಲು ನಾವು ಬದ್ಧರಿದ್ದೇವೆ. ಲೆಕ್ಕ ಪ್ರಕಟವಾಗದ ನಿಧಿಗೆ ಮಾತ್ರ ನಮ್ಮ ಬೆಂಬಲವಿಲ್ಲ.

ಮೂರನೆಯದು ಕಾರ್ಮಿಕ ಬಂಧುಗಳಲ್ಲಿ. ಒಂದು ಪೋಸ್ಟ್‌ಕಾರ್ಡಿನಷ್ಟು ಕಾಗದದಲ್ಲಿ ನಿಮ್ಮ ಹೆಸರು, ಊರು, ಮನೆಯವರ ಸಂಖ್ಯೆ, ವಿಮೆಯ ಸಂಖ್ಯೆ, ಬ್ಯಾಂಕಿನ ಹೆಸರು, ಮತ್ತು ತೀರಿಕೊಂಡರೆ ಇಲ್ಲಿಯೋ ಊರಿನಲ್ಲಿಯೋ ಎಂಬ ನಿಮ್ಮ ಇಚ್ಛೆಯನ್ನು ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿರಿ. ರೂಮಿನ ಸಂಗಾತಿಗೆ ತಿಳಿಸಿರಿ. ಈ ಒಂದು ಕಾಗದವಿದ್ದರೆ ಉಳಿದವರು ಕಣ್ಣೀರಿನ ನಡುವೆ ನಿಮ್ಮ ಪರವಾಗಿ ತೀರ್ಮಾನ ಮಾಡುವ ಸಂಕಟ ತಪ್ಪುತ್ತದೆ. ಬರೆದರೆ ಆಯುಷ್ಯ ಕಡಿಮೆಯಾಗುವುದಿಲ್ಲ. ನಾವು ನಮ್ಮದನ್ನು ಕಳೆದ ವಾರವೇ ಬರೆದು, ಕಾರ್ಯಾಲಯದ ಮೇಜಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇವೆ.

ಆ ಮೂವರು ತರುಣರು ಮೊನ್ನೆ ಮತ್ತೆ ಬಂದಿದ್ದರು. ವಾಹನದವನನ್ನು ಹುಡುಕಿ ಹಿಡಿದು ಬಾಬುವಾರು ರಸೀದಿಯನ್ನು ಬರೆಸಿಕೊಂಡಿದ್ದಾರೆ. ಕೇಳಿದ ಮೇಲೆ ಮೊತ್ತವೂ ಕೊಂಚ ಇಳಿದಿದೆಯಂತೆ. ಇ.ಎಸ್.ಐ. ಅರ್ಜಿಯನ್ನು ಗುಮಾಸ್ತರೇ ತುಂಬಿಸಿದ್ದಾರೆ. ಗಡುವಿಗೆ ಇನ್ನೂ ಎರಡು ತಿಂಗಳಿವೆ.